ಮೊಲ ಕಂಡ ಮುಧೋಳ ನಾಯಿ ಕರೆದರೆ ತಿರುಗಿ ಬರುತ್ತದೆಯೇ?

ಬೆಟ್ಟದಂಚು (ಶಿರಸಿ) · ನವೆಂಬರ್ 9, ರಾತ್ರಿ 9:40

ನಮ್ಮನೆ ಬೆಳ್ಳಿಗೆ ಈಗ ಹದಿನಾಲ್ಕು ತಿಂಗಳು. ಮುಧೋಳ ಹೆಣ್ಣು. ಮನೆಯಲ್ಲಿದ್ದಷ್ಟು ಹೊತ್ತು ಅವಳಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಜಗಲಿಯ ಮೂಲೆಯಲ್ಲಿ ಕಂಬಳಿ ಹಾಸಿದರೆ ಮಧ್ಯಾಹ್ನವಿಡೀ ಅಲ್ಲೇ ಮಲಗಿರುತ್ತಾಳೆ, ಕರು ಬಂದು ಮೂಸಿದರೂ ಏಳುವುದಿಲ್ಲ. ಅಂಗಳದಲ್ಲಿ 'ಬೆಳ್ಳೀ' ಎಂದರೆ ಬರುತ್ತಾಳೆ. ದಣಪೆ (ಅಂಗಳದ ಬೇಲಿಯ ಬಾಗಿಲು) ದಾಟಿದ ಮೇಲೆ ಮಾತ್ರ ನಾನು ಯಾರೋ ಅವಳು ಯಾರೋ.

ನಾಲ್ಕು ದಿನದ ಹಿಂದೆ ಸಂಜೆ ತೋಟದ ಮೇಲಿನ ಬೇಣಕ್ಕೆ (ಹುಲ್ಲುಗಾವಲಿಗೆ) ಕರೆದುಕೊಂಡು ಹೋಗಿದ್ದೆ. ಹುಲ್ಲಿನ ನಡುವಿನಿಂದ ಒಂದು ಮೊಲ ಎದ್ದಿತು. ಅವಳ ಎರಡೂ ಕಿವಿ ಒಮ್ಮೆಲೇ ಮೇಲೆದ್ದದ್ದು, ಬಲಗಡೆಯ ಮುಂಗಾಲು ನೆಲ ಬಿಟ್ಟು ಮಡಚಿಕೊಂಡದ್ದು, ಇಷ್ಟನ್ನು ಕಂಡೆ. ನನ್ನ ಬಾಯಿಂದ ಹೆಸರು ಹೊರಡುವಷ್ಟರಲ್ಲಿ ಅವಳು ಬೇಣದ ಆಚೆ ತುದಿಯ ಮತ್ತಿ ಮರ ದಾಟಿಯಾಗಿತ್ತು. ರಾತ್ರಿ ಹನ್ನೊಂದರವರೆಗೆ ಬ್ಯಾಟರಿ ಹಿಡಿದು ಕೂಗುತ್ತಾ ಬೆಟ್ಟ ಸುತ್ತಿದೆ. ಸಿಗಲಿಲ್ಲ. ಬೆಳಗಿನ ಜಾವ ಐದಕ್ಕೆ ಎದ್ದು ನೋಡಿದರೆ ಕೊಟ್ಟಿಗೆಯ ಬಾಗಿಲಲ್ಲಿ ಮಲಗಿದ್ದಳು. ಎದೆಯ ಮೇಲೆ ಗೇಣುದ್ದದ ಗೀರು, ತಂತಿ ಎಳೆದದ್ದು. ಹಂದಿಗೆಂದು ಯಾರೋ ಹಾಕಿದ ಉರುಳಿಗೆ ಸಿಕ್ಕಿ ಹೇಗೋ ಬಿಡಿಸಿಕೊಂಡು ಬಂದಿದ್ದಳು. ನಮ್ಮ ಕೇರಿಯಲ್ಲಿ ಕಳೆದ ಮಳೆಗಾಲದಿಂದ ಈಚೆಗೆ ಎರಡು ನಾಯಿ ಚಿರತೆಯ ಪಾಲಾಗಿವೆ. ಅದನ್ನು ನೆನೆದರೆ ಕೈಕಾಲು ತಣ್ಣಗಾಗುತ್ತದೆ.

ಒಂದು ವಿಷಯ ಮುಚ್ಚಿಡುವುದಿಲ್ಲ. ಇದಕ್ಕೂ ಮೊದಲು ಎರಡು ಮೂರು ಸಲ ಹೀಗೆ ಓಡಿ ಬಂದಾಗ ಬೈದಿದ್ದೇನೆ, ಒಮ್ಮೆ ಅಡಕೆ ಸೋಗೆಯ ಕಡ್ಡಿಯಿಂದ ಹೊಡೆದೂ ಇದ್ದೇನೆ. ಆಯಿ ಮೊನ್ನೆ ಹೇಳಿದಳು: "ಅದ್ಕೆ ಹೆಸ್ರು ಕರದ್ರೆ ಬೈಗುಳ ಹೇಳೇ ಗೊತ್ತಿದ್ದು ತಮಾ." ಹೆಸರು ಕರೆದರೆ ಬೈಗುಳ ಎಂದೇ ಅವಳಿಗೆ ಗೊತ್ತಿರುವುದು ಎಂಬ ಆ ಮಾತು ಮನಸ್ಸಿಗೆ ನಾಟಿದೆ.

ಕಟ್ಟಿ ಹಾಕಿಯೇ ಸಾಕುವ ಮನಸ್ಸಿಲ್ಲ. ಬೇಟೆ ರಕ್ತದಲ್ಲೇ ಇರುವ ನಾಯಿಗೆ ಕರೆದಾಗ ಬರುವುದನ್ನು ಕಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ತೋಟಿಗ (ಯಲ್ಲಾಪುರ) · ನವೆಂಬರ್ 9, ರಾತ್ರಿ 10:15

ಹೌಂಡ್ ಜಾತಿಗೆ ಇದು ಕಲಿಸಿ ಬರುವ ವಿದ್ಯೆಯಲ್ಲ ಮಾರಾಯರೇ. ನಮ್ಮ ಮಾವನ ಮನೆಯಲ್ಲಿ ಒಂದಿತ್ತು, ಎರಡು ವರ್ಷ ಒದ್ದಾಡಿದರು. ಈಗ ರಿಮೋಟ್ ಒತ್ತಿದರೆ ಕರೆಂಟ್ ಹೊಡೆಯುವ ಬೆಲ್ಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಅದನ್ನು ಹಾಕಿ, ಇಲ್ಲವೇ ಚೈನು ಹಾಕಿ ಕಟ್ಟಿ. ಜೀವ ಉಳಿಯುವುದು ಮುಖ್ಯ.

ಮುಧೋಳ ಕಡೆಯಾಂವ (ಕಾರವಾರ) · ನವೆಂಬರ್ 10, ಬೆಳಿಗ್ಗೆ 7:05

ನಾ ಮುಧೋಳ ತಾಲೂಕಿನಾಂವ, ನೌಕರಿ ಸಲುವಾಗಿ ಕಾರವಾರದಾಗ ಅದೀನಿ. ಚಿಕ್ಕಂದಿನಿಂದ ಈ ನಾಯಿ ಜೋಡೀನ ಬೆಳದೀನಿ, ಅದಕ್ಕ ಒಂದ್ ಮಾತು ಹೇಳ್ತೀನ್ರಿ.

ನಮ್ಮ ಕಡೆ ಹೊಲ ಅಂದ್ರ ಕಣ್ಣು ಹಾಯೂಮಟ ಬಯಲು. ಮೊಲ ಎಲ್ಲಿ ಹೊಕ್ಕಿತು ಅನ್ನೂದು ನಾಯಿಗೂ ಕಾಣ್ತೈತಿ, ಮಾಲಕಗೂ ಕಾಣ್ತೈತಿ. ಮೊಲ ತಪ್ಪಿಸಿಕೊಂಡ್ರ ನಾಯಿ ನಿಂತು ಹೊಳ್ಳಿ ನೋಡ್ತೈತಿ, ಮಾಲಕ ಅಲ್ಲೇ ನಿಂತಿರ್ತಾನ, ಬರ್ತೈತಿ. ನಿಮ್ಮ ಕಡೆ ನೂರು ಹೆಜ್ಜಿ ಓಡಿದ್ರ ಕಾಡು. ಮೊಲ ಹೋತು, ನಾಯಿ ಹೊಳ್ಳಿ ನೋಡ್ತು, ಕಾಣೂದು ಬರೇ ಗಿಡ. ಬರಬೇಕು ಅಂತ ಮನಸ್ಸು ಇದ್ರೂ ಎಲ್ಲಿಗಿ ಬರಬೇಕ್ರಿ? ಇದು ಕಣ್ಣಿನ ನಾಯಿ. ನೀವು ಹುಡುಕ್ಕೋಂತ ಬೆಟ್ಟ ಸುತ್ತಿದ್ರಿ ಅಂದ್ರಿ, ಅದು ಮೊದಲು ನೀವು ನಿಂತಿದ್ದ ಜಾಗಕ್ಕ ಬಂದಿರಬಹುದು, ನೀವು ಅಲ್ಲಿ ಇರಲಿಲ್ಲ. ಇನ್ನೊಮ್ಮೆ ಹಂಗ ಆದ್ರ ಅಲುಗಾಡಬ್ಯಾಡ್ರಿ. ನಿಂತಲ್ಲೇ ನಿಂತು, ಬಿಟ್ಟು ಬಿಟ್ಟು ಒಂದ ಸಪ್ಪಳ ಮಾಡ್ರಿ. ಹೋಗಾಕಬೇಕು ಅಂದ್ರ ನಿಮ್ಮ ಮೈಮ್ಯಾಲಿನ ಅಂಗಿ ಅಲ್ಲೇ ಬಿಟ್ಟು ಹೋಗ್ರಿ, ಮುಂಜಾನೆ ಅದರ ಮ್ಯಾಲ ಮಲಗಿರ್ತೈತಿ. ನಾ ಕಣ್ಣಾರೆ ಕಂಡೀನಿ.

ಮತ್ತ ಕಲಿಯೂದಿಲ್ಲ ಅನ್ನೂದು ಸುಳ್ಳು. ತಿಮ್ಮಾಪುರದಾಗ ಬೀದರ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಐತಿ. ಅಲ್ಲಿಯ ಮರಿಗಳನ್ನ 2016ರಾಗ ಮಿಲಿಟರಿಯವರು ಮೀರತ್‌ನ ತಮ್ಮ ಕೇಂದ್ರಕ್ಕ ತರಬೇತಿಗೆ ಒಯ್ದರು. ಕಲಿಯೂದಿಲ್ಲ ಅಂದಿದ್ರ ಯಾಕ ಒಯ್ತಿದ್ರು? ಈ ನಾಯಿ ಕುರಿನಾಯಿ ಹಂಗ ಬಾಯಿ ನೋಡ್ಕೋಂತ ಕೂಡೂದಿಲ್ಲ, ಅಷ್ಟ. ಹೊಡದ್ರ ಮುಗೀತು, ನಂಬಿಕಿ ಹೋಗ್ತೈತಿ. ಇವು ಭಾಳ ಮನಸ್ಸಿಗೆ ಹಚ್ಕೋತಾವ್ರಿ.

ಶರಾವತಿ ಅಕ್ಕ (ಹೊನ್ನಾವರ) · ನವೆಂಬರ್ 10, ರಾತ್ರಿ 8:30

ಬೆಟ್ಟದಂಚು ತಮ್ಮಾ, ನಿಮ್ಮ ಆಯಿಗೆ ನನ್ನ ನಮಸ್ಕಾರ ತಿಳಿಸಿ. ಎಲ್ಲರಿಗಿಂತ ಮೊದಲು ರೋಗ ಗುರುತಿಸಿದವರು ಅವರು. ಹನ್ನೆರಡು ವರ್ಷದಲ್ಲಿ ನಮ್ಮನೆಯಲ್ಲಿ ಮೂರು ಬೇಟೆ ನಾಯಿ ಬೆಳೆದಿವೆ. ಮೊದಲನೆಯದನ್ನು ಹೆದ್ದಾರಿಯಲ್ಲಿ ಕಳೆದುಕೊಂಡೆ, ಬೆಕ್ಕಿನ ಹಿಂದೆ ಓಡಿ ಹೋಗಿ. ಆಮೇಲೆ ಕಲಿತದ್ದನ್ನು ಬರೆಯುತ್ತೇನೆ, ಉದ್ದವಾಗುತ್ತದೆ.

ಮೊದಲು, ಆ ಹೆಸರನ್ನು ಕರೆಯುವುದಕ್ಕೆ ಬಳಸುವುದು ಬಿಡಿ. ಮುದ್ದಿಗೆ, ಊಟಕ್ಕೆ ಇರಲಿ. ಕರೆಯಲಿಕ್ಕೆ ಅವಳ ಜೀವನದಲ್ಲಿ ಈವರೆಗೆ ಕೇಳದ, ಬೈಗುಳದ ನೆನಪೇ ಇಲ್ಲದ ಹೊಸ ಸದ್ದು ಬೇಕು. ನಾನು ಸೀಟಿ ಇಟ್ಟುಕೊಂಡಿದ್ದೇನೆ, ಪೇಟೆಯಲ್ಲಿ ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುವುದೇ. ನಮ್ಮ ದನಿಯಲ್ಲಿ ಸಿಟ್ಟು, ಗಾಬರಿ ಎಲ್ಲ ಸೇರಿಕೊಳ್ಳುತ್ತದೆ. ಸೀಟಿಗೆ ಸಿಟ್ಟಿಲ್ಲ. ಮೊದಲ ಎರಡು ವಾರ ಮನೆಯೊಳಗೇ. ಅವಳು ಏನೂ ಮಾಡಬೇಕಾಗಿಲ್ಲ: ಸೀಟಿ ಊದಿ, ಆ ಕೂಡಲೇ ಅವಳಿಗೆ ಪ್ರಾಣವಾದ ತಿಂಡಿ ಕೊಡಿ. ದಿನಕ್ಕೆ ಹತ್ತು ಸಲ ಸಾಕು. ಸೀಟಿ ಕೇಳಿದೊಡನೆ ಮೈ ತಾನಾಗಿ ತಿರುಗುವಂತಾಗಬೇಕು, ಯೋಚಿಸುವ ಮೊದಲೇ. ಆಮೇಲೆ ಜಗಲಿಯ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು ಕೂತು ಆಚೀಚೆ ಕರೆಯಿರಿ. ಆಮೇಲೆ ಅಂಗಳ.

ಎರಡನೆಯದು ಬಹಳ ಜನ ತಪ್ಪುವ ಜಾಗ. ನಾವು ನಾಯಿಯನ್ನು ಯಾವಾಗ ಕರೆಯುತ್ತೇವೆ? ಮನೆಗೆ ಹೋಗುವ ಹೊತ್ತಾದಾಗ, ಚೈನು ಹಾಕಬೇಕಾದಾಗ, ಸ್ನಾನ ಮಾಡಿಸಬೇಕಾದಾಗ. ಅದರ ಲೆಕ್ಕದಲ್ಲಿ ಕರೆ ಎಂದರೆ ಆಟ ಮುಗಿಯಿತು ಎಂದು. ಬುದ್ಧಿ ಇರುವ ಪ್ರಾಣಿ ಯಾಕಾದರೂ ಬಂದೀತು? ಹತ್ತು ಸಲ ಕರೆದರೆ ಒಂಬತ್ತು ಸಲ ಬಿಟ್ಟು ಕಳಿಸಬೇಕು. ಬಂದಳು, ಕೊರಳಪಟ್ಟಿಗೆ ಬೆರಳು ಹಾಕಿದಿರಿ, ತಿಂಡಿ ಕೊಟ್ಟಿರಿ, 'ಹೋಗು' ಎಂದಿರಿ. ಮತ್ತೆ ಓಡಿದಳು. ಕೊರಳಪಟ್ಟಿ ಹಿಡಿಯುವುದನ್ನು ಬಿಡಬೇಡಿ. ಎಷ್ಟೋ ನಾಯಿಗಳು ಎರಡು ಮೊಳ ದೂರದವರೆಗೆ ಬಂದು, ಕೈ ಚಾಚಿದರೆ ಹಿಂದೆ ಸರಿಯುತ್ತವೆ. ಹಿಡಿತ ಎಂದರೆ ತಿಂಡಿ ಎಂದು ಗೊತ್ತಾದರೆ ತಾವೇ ಕೊರಳು ಒಡ್ಡುತ್ತವೆ.

ಇನ್ನು ಆ ಮೊಲ ಎದ್ದ ಗಳಿಗೆ. ಕಿವಿ ಎದ್ದಿತು, ಮುಂಗಾಲು ಮಡಚಿತು ಎಂದು ನೀವೇ ಬರೆದಿದ್ದೀರಿ. ನನಗೆ ಅದೇ ಚಿನ್ನ. ಬೇಟೆ ಎಂಬುದು ಒಂದೇ ಕ್ರಿಯೆಯಲ್ಲ, ಸರಪಳಿ. ಕಾಣುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಮನುಷ್ಯ ನೂರಾರು ತಲೆಮಾರು ಆರಿಸಿ ಆರಿಸಿ ಬೇರೆ ಬೇರೆ ತಳಿಯಲ್ಲಿ ಬೇರೆ ಬೇರೆ ಕೊಂಡಿಯನ್ನು ದಪ್ಪ ಮಾಡಿದ್ದಾನೆ. ಕುರಿ ಕಾಯುವ ನಾಯಿಯಲ್ಲಿ ದಿಟ್ಟಿಸುವುದು ಮತ್ತು ಹೊಂಚುವುದು, ಮುಧೋಳದಂಥ ನಾಯಿಯಲ್ಲಿ ಅಟ್ಟುವುದು. ಹೊಟ್ಟೆಗೂ ಇದಕ್ಕೂ ಸಂಬಂಧವಿಲ್ಲ. ಊಟ ಮಾಡಿಸಿ ಕರೆದೊಯ್ದರೂ ಓಡುತ್ತಾಳೆ, ಸಂತಾನಹರಣ ಚಿಕಿತ್ಸೆ ಮಾಡಿಸಿದರೂ ಓಡುತ್ತಾಳೆ. ಓಟವೇ ಅವಳಿಗೆ ಹಬ್ಬ. ಅಟ್ಟಲು ಶುರು ಮಾಡಿದ ಮೇಲೆ ನಿಮ್ಮ ಕೂಗು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಆಗ ಊದಿದ ಒಂದೊಂದು ಸೀಟಿಯೂ ವ್ಯರ್ಥ. ವ್ಯರ್ಥ ಮಾತ್ರವಲ್ಲ, ಸೀಟಿಗೆ ಬರಬೇಕಾಗಿಲ್ಲ ಎಂದು ನಾವೇ ಕಲಿಸಿದ ಹಾಗೆ. ಕರೆ ಹಿಡಿಯುವುದು ಮೊದಲ ಎರಡು ಕೊಂಡಿಯಲ್ಲಿ, ಕಿವಿ ಎದ್ದು ಕಾಲು ಕೀಳುವ ನಡುವೆ. ಅರ್ಧ ಸೆಕೆಂಡೋ ಒಂದು ಸೆಕೆಂಡೋ. ಹಾಗಾಗಿ ಹೊರಗೆ ಹೋದಾಗ ಮೊಬೈಲು ಕಿಸೆಯಲ್ಲಿರಲಿ, ಕಣ್ಣು ಅವಳ ಕಿವಿಯ ಮೇಲಿರಲಿ.

ಅಲ್ಲಿಯವರೆಗೆ ಉದ್ದ ಹಗ್ಗ. ಹತ್ತರಿಂದ ಹದಿನೈದು ಮೀಟರು. ಇದನ್ನು ಕೊರಳಪಟ್ಟಿಗೆ ಎಂದಿಗೂ ಕಟ್ಟಬೇಡಿ. ಈ ನಾಯಿ ಕೆಲವೇ ನೆಗೆತಕ್ಕೆ ವೇಗ ಹಿಡಿಯುತ್ತದೆ, ಹಗ್ಗ ಮುಗಿದಾಗ ಆ ಜಗ್ಗು ಕತ್ತಿಗೆ ಬಿದ್ದರೆ ಮೂಳೆಗೇ ಪೆಟ್ಟು. ಎದೆಗೆ ಹಾಕುವ ಹಾರ್ನೆಸ್ ತರಿಸಿ, ಬೆನ್ನಿನ ಮೇಲಿನ ಬಳೆಗೆ ಕಟ್ಟಿ. ನಿಮ್ಮ ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋಗುತ್ತದೆ. ತೋಟದೊಳಗೆ ಈ ಹಗ್ಗ ಬೇಡ, ಅಡಕೆ ಮರಕ್ಕೂ ಕಾಳುಮೆಣಸಿನ ಬಳ್ಳಿಗೂ ಸುತ್ತಿ ಗೋಜಲಾಗುತ್ತದೆ. ಕೊಯ್ಲಾದ ಗದ್ದೆ ಸರಿಯಾದ ಜಾಗ. ಗದ್ದೆಯಲ್ಲಿ ಬೆಳ್ಳಕ್ಕಿ ಇರುತ್ತವಲ್ಲ, ಅವೇ ನಿಮ್ಮ ಮೊದಲ ಪಾಠದ ಪುಸ್ತಕ. ನೂರು ಹೆಜ್ಜೆ ದೂರದಿಂದ ಶುರು ಮಾಡಿ. ನೋಡಿದಳೇ, ಊದಿ. ತಿರುಗಿದಳೇ, ಇನಾಮು. ತಿರುಗಲಿಲ್ಲವೇ, ಹತ್ತಿರ ಹೋದದ್ದು ಜಾಸ್ತಿಯಾಯಿತು, ಹಿಂದೆ ಬನ್ನಿ. ಹಗ್ಗ ಇರುವುದು ಎಳೆದು ತರಲಿಕ್ಕಲ್ಲ, ತಪ್ಪು ಓಟದ ರುಚಿ ಸಿಗದಿರಲಿಕ್ಕೆ.

ಕೊನೆಯದು ಇನಾಮು. ಓಟದ ಎದುರು ಬಿಸ್ಕತ್ತು ಯಾವ ಲೆಕ್ಕ? ನನ್ನ ಜೋಳಿಗೆಯಲ್ಲಿ ಯಾವಾಗಲೂ ಒಂದು ಬಿದಿರು ಕೋಲು, ಅದಕ್ಕೆ ನಾಲ್ಕು ಮೊಳ ಹಗ್ಗ, ಹಗ್ಗದ ತುದಿಗೆ ಹಳೆ ಗೋಣಿಚೀಲದ ತುಂಡು. ಸೀಟಿಗೆ ತಿರುಗಿ ಬಂದರೆ ಗೋಣಿ ನೆಲದ ಮೇಲೆ ಮೊಲದ ಹಾಗೆ ಹರಿದಾಡುತ್ತದೆ, ಅಟ್ಟಿ ಹಿಡಿದು ಕೊಡಹಬಹುದು. ಬೇಟೆ ನನ್ನ ಹತ್ತಿರವೇ ಇದೆ, ಕಾಡಿನಲ್ಲಿಲ್ಲ ಎಂದು ಅವಳಿಗೆ ಅನ್ನಿಸಬೇಕು.

ಆರು ತಿಂಗಳಾದರೂ ಬೇಕು. ನಿಮ್ಮವಳು ಈಗ ಹರೆಯದಲ್ಲಿದ್ದಾಳೆ, ಕಷ್ಟದ ಕಾಲ. ಎಲ್ಲ ಕಲಿತ ಮೇಲೂ ರಸ್ತೆಯ ಹತ್ತಿರ, ಉರುಳಿರುವ ಬೆಟ್ಟದ ಹತ್ತಿರ ಹಗ್ಗ ಬಿಚ್ಚಬೇಡಿ. ನಾನು ಈಗಲೂ ಬಿಚ್ಚುವುದಿಲ್ಲ.

ತೋಟಿಗ ಅಣ್ಣಾ, ಕರೆಂಟ್ ಬೆಲ್ಟಿನ ಮಾತು. ನೋವಾದ ಗಳಿಗೆಯಲ್ಲಿ ನಾಯಿ ಯಾವುದನ್ನು ನೋಡುತ್ತಿತ್ತೋ ಅದಕ್ಕೆ ಆ ನೋವನ್ನು ಗಂಟು ಹಾಕಿಕೊಳ್ಳುತ್ತದೆ. ಆಗ ಎದುರಿಗೆ ಕರು ಇದ್ದರೆ ಕರುವಿಗೆ, ಮಗು ಇದ್ದರೆ ಮಗುವಿಗೆ. ಜೋರಾಗಿ ಅಟ್ಟುವಾಗ ನೋವು ತಗುಲಿದರೆ ಇನ್ನೂ ಜೋರು ಓಡುವ ನಾಯಿಗಳೂ ಇವೆ. ನನ್ನ ಕಣ್ಣೆದುರು ಹಾಗಾಗಿದೆ. ಬೇಡ.

ಬೆಟ್ಟದಂಚು (ಶಿರಸಿ) · ನವೆಂಬರ್ 10, ರಾತ್ರಿ 9:50

ಅಕ್ಕಾ, ಎರಡು ಸಲ ಓದಿದೆ, ಆಯಿಗೂ ಓದಿ ಹೇಳಿದೆ. ಬರೆದುಕೊಂಡಿದ್ದೇನೆ. ಮುಧೋಳದ ಸರ್, ನೀವು ಹೇಳಿದ್ದು ಸರಿ. ಬೆಳಿಗ್ಗೆ ಹೋಗಿ ನೋಡಿದೆ, ನಾನು ನಿಂತಿದ್ದ ಜಾಗದಲ್ಲಿ ಹುಲ್ಲು ಮಲಗಿತ್ತು, ಅವಳು ಬಂದು ಮಲಗಿ ಕಾದು ಹೋದ ಗುರುತು. ನಾನು ಆಗ ಎರಡು ಗುಡ್ಡದಾಚೆ ಕೂಗುತ್ತಿದ್ದೆ.

ಒಂದು ತೊಡಕು. ನಮ್ಮದು ಸಸ್ಯಾಹಾರದ ಮನೆ. ಅವಳಿಗೆ ಹಾಲು-ಅನ್ನ, ರೊಟ್ಟಿ, ಮೊಸರು. ಪ್ರಾಣವಾದ ತಿಂಡಿ ಎಂದರೆ ಏನು ಕೊಡಲಿ?

ಕಡಲತಡಿ (ಕುಮಟಾ) · ನವೆಂಬರ್ 10, ರಾತ್ರಿ 10:20

ಒಣ ಸಿಗಡಿ! ಉಪ್ಪು ಹಾಕದೆ ಒಣಗಿಸಿದ್ದು ಬೇಕು, ಉಪ್ಪಿನ ಮೀನು ನಾಯಿಗೆ ಒಳ್ಳೆಯದಲ್ಲ. ಒಂದು ಮುಷ್ಟಿ ಸಾಕು, ಅದರ ವಾಸನೆಗೆ ನಮ್ಮನೆ ಬೀಗಲ್ ಗುಂಡ ಅರ್ಧ ಮೈಲಿಯಿಂದ ಬರುತ್ತಾನೆ. ಡಬ್ಬಿಯಲ್ಲಿ ಹಾಕಿ ಕೊಟ್ಟಿಗೆಯಲ್ಲಿ ಇಟ್ಟರೆ ಅಡುಗೆಮನೆಗೆ ಬರುವುದೇ ಇಲ್ಲ. ಅದೂ ಆಗದಿದ್ದರೆ ಪನೀರ್ ತುಂಡು, ತುಪ್ಪ ಸವರಿದ ರೊಟ್ಟಿ, ಒಣಕೊಬ್ಬರಿ ಚೂರು. ಆದರೆ ಆ ತಿಂಡಿ ಸೀಟಿಗೆ ಮಾತ್ರ ಮೀಸಲು, ಬೇರೆ ಹೊತ್ತಿನಲ್ಲಿ ಸಿಗಬಾರದು.

ಬೀಗಲ್ ಸಾಕಿದವರು ಓದುತ್ತಿದ್ದರೆ ಒಂದು ಮಾತು. ಅಕ್ಕ ಹೇಳಿದ ಕಿವಿಯ ಗುರುತು ನಮಗೆ ನಡೆಯುವುದಿಲ್ಲ. ಇದು ಮೂಗಿನ ನಾಯಿ. ಬೇಟೆ ಎದುರಿಗೆ ಇರಬೇಕೆಂದೇ ಇಲ್ಲ, ರಾತ್ರಿ ನರಿ ನಡೆದು ಹೋದ ಜಾಡು ಸಾಕು. ಗುಂಡನ ಗುರುತು ಬಾಲ. ಸುಮ್ಮನೆ ಮೂಸುವಾಗ ಬಾಲ ನಿಧಾನ, ಜಾಡು ಸಿಕ್ಕೊಡನೆ ಬೀಸುವ ಲಯ ಬದಲಾಗಿ ಸಣ್ಣಗೆ ಬಿರುಸಾಗುತ್ತದೆ, ಮೂಗು ನೆಲಕ್ಕೆ ಅಂಟುತ್ತದೆ. ಅಲ್ಲೇ ಕರೆಯಬೇಕು. ಅವನಿಗೆ ಇನಾಮು ಗೋಣಿಚೀಲವಲ್ಲ, ಹುಲ್ಲಿನಲ್ಲಿ ಒಂದು ಹಿಡಿ ಸಿಗಡಿ ಚೆಲ್ಲಿ 'ಹುಡುಕು' ಎನ್ನುತ್ತೇನೆ.

ಸಮುದ್ರದ ದಂಡೆಗೆ ನಾಯಿ ಬಿಡುವವರಲ್ಲಿ ಒಂದು ಬೇಡಿಕೆ. ಈ ತಿಂಗಳಿಂದ ಮಾರ್ಚ್‌ವರೆಗೆ ನಮ್ಮ ಕರಾವಳಿಯಲ್ಲಿ ಕಡಲಾಮೆ ಮೊಟ್ಟೆ ಇಡುವ ಕಾಲ. ಒಮ್ಮೆ ಮುಂಜಾನೆ ಗುಂಡ ಮರಳು ಕೆದಕುತ್ತಿದ್ದ. ಏಡಿ ಇರಬೇಕು ಎಂದುಕೊಂಡು ಹೋದರೆ ಒಳಗೆ ಬಿಳಿ ಮೊಟ್ಟೆ, ಪಿಂಗ್‌ಪಾಂಗ್ ಚೆಂಡಿನ ಹಾಗೆ. ಎರಡು ಒಡೆದಿದ್ದವು. ಅರಣ್ಯ ಇಲಾಖೆಗೆ ಫೋನು ಮಾಡಿದೆವು, ಅವರು ಬಂದು ಬೇಲಿ ಹಾಕಿದರು. ಆ ದಿನ ಬಹಳ ಸಂಕಟವಾಯಿತು. ಅಂದಿನಿಂದ ದಂಡೆಯಲ್ಲಿ ಹಗ್ಗ ಬಿಚ್ಚಿಲ್ಲ.

ತೋಟಿಗ (ಯಲ್ಲಾಪುರ) · ನವೆಂಬರ್ 11, ಬೆಳಿಗ್ಗೆ 6:50

ಅಕ್ಕನ ಮಾತು ಒಪ್ಪಿದೆ, ಬೆಲ್ಟಿನ ಮಾತು ಹಿಂದೆ ತೆಗೆದುಕೊಂಡೆ. ಆದರೆ ನಮ್ಮ ಕಷ್ಟ ಬೇರೆ. ನಮ್ಮಲ್ಲಿ ನಾಯಿ ಸಾಕುವುದೇ ತೋಟಕ್ಕೆ ಬರುವ ಮಂಗ ಓಡಿಸಲಿಕ್ಕೆ. ಎಳೆ ಅಡಕೆ, ಬಾಳೆ, ಏಲಕ್ಕಿ ಯಾವುದನ್ನೂ ಬಿಡುವುದಿಲ್ಲ. ಮನೆಯಲ್ಲಿ ಸಣ್ಣವರಿಂದ ದೊಡ್ಡವರವರೆಗೆ ಎಲ್ಲರೂ 'ಛೂ' ಎನ್ನುವವರೇ. ಅಟ್ಟು ಎಂದವರೂ ನಾವು, ಅಟ್ಟಬೇಡ ಎನ್ನುವವರೂ ನಾವು. ಇದಕ್ಕೆ ಏನು ದಾರಿ?

ಶರಾವತಿ ಅಕ್ಕ (ಹೊನ್ನಾವರ) · ನವೆಂಬರ್ 11, ಮಧ್ಯಾಹ್ನ 2:10

ಒಳ್ಳೆಯ ಪ್ರಶ್ನೆ ಅಣ್ಣಾ. ಘಟ್ಟದ ಮೇಲೆ ನಾಯಿ ಹಾಳಾಗುವುದು ಹೆಚ್ಚಾಗಿ ಈ 'ಛೂ' ದಿಂದಲೇ. ಅದರಲ್ಲಿ ತಪ್ಪಿಲ್ಲ, ಕೊನೆ ಇಲ್ಲ ಎಂಬುದೇ ತೊಂದರೆ. ಶುರು ಮಾಡಿಸುತ್ತೇವೆ, ಮುಗಿಸುವುದಿಲ್ಲ.

ಒಂದೇ ಬಾಯಿಂದ 'ಛೂ' ಬರಲಿ, ಮಕ್ಕಳಿಗೆ ಹೇಳಿ. ತೋಟದ ಅಗಳವೇ ಗಡಿ, ಅದನ್ನು ದಾಟಿಸಬೇಡಿ. ಮಂಗ ಮರ ಹತ್ತಿದ ಮೇಲೆ ಓಟ ತಾನಾಗಿ ಮುಗಿದಿರುತ್ತದೆ, ನಾಯಿ ಕೆಳಗೆ ನಿಂತು ಬೊಗಳುತ್ತಿರುತ್ತದೆ. ಕರೆ ಕಲಿಸಲು ಅದಕ್ಕಿಂತ ಸುಲಭದ ಗಳಿಗೆ ಇಲ್ಲ. ಹತ್ತಿರ ಹೋಗಿ ಸೀಟಿ ಊದಿ. ತಿರುಗಿ ಬಂದರೆ ಇನಾಮು ಏನು ಗೊತ್ತೇ? ಮತ್ತೊಮ್ಮೆ 'ಛೂ'. ಕರೆದಾಗ ಬಂದರೆ ಅಟ್ಟಲು ಸಿಗುತ್ತದೆ ಎಂದಾಗ ನಾಯಿಗೆ ಬರುವುದೇ ಲಾಭ. ಆದರೆ ಇದು ಸಾದಾ ಊರ ನಾಯಿಗೆ. ಬೆಳ್ಳಿಯಂಥವಳಿಗೆ ಕರೆ ಗಟ್ಟಿಯಾಗುವವರೆಗೆ ಮಂಗನ ಕೆಲಸ ಹಚ್ಚಲೇಬೇಡಿ ತಮ್ಮಾ.

ದನದ ಡಾಕ್ಟ್ರು (ಸಿದ್ದಾಪುರ) · ನವೆಂಬರ್ 11, ರಾತ್ರಿ 9:00

ಚರ್ಚೆ ಚೆನ್ನಾಗಿ ನಡೆದಿದೆ. ನನ್ನ ಕಡೆಯಿಂದ ನಾಲ್ಕು ಮಾತು.

ಉರುಳಿನ ಗೀರು ಮೇಲೆ ಸಣ್ಣದಾಗಿ ಕಂಡರೂ ಒಳಗೆ ಆಳ ಇರಬಹುದು, ಒಮ್ಮೆ ತೋರಿಸಿ. ಕಾಡು ಪ್ರಾಣಿ, ಮುಂಗುಸಿಯಾಗಲಿ ನರಿಯಾಗಲಿ, ಕಚ್ಚಿದೆ ಎಂಬ ಸಣ್ಣ ಅನುಮಾನ ಬಂದರೂ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ, ಮೊದಲೇ ಲಸಿಕೆ ಹಾಕಿಸಿದ್ದರೂ ರೇಬೀಸ್ ಚುಚ್ಚುಮದ್ದಿಗೆ ಕರೆತನ್ನಿ.

ಬೆಟ್ಟಕ್ಕೆ ಹೋಗಿ ಬಂದ ನಾಯಿಯ ಕಿವಿ, ಬೆರಳ ಸಂದು, ಕಂಕುಳಲ್ಲಿ ಉಣುಗು (ಉಣ್ಣೆ) ಹತ್ತಿದೆಯೇ ಎಂದು ದಿನಾ ನೋಡಿ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಕಂಡದ್ದು, ಈಗ ನಮ್ಮ ಸಿದ್ದಾಪುರ ಸೀಮೆಯಲ್ಲೂ ಇದೆ. ನಾಯಿಯ ಮೈಯಿಂದ ನೇರವಾಗಿ ಅದು ನಮಗೆ ಬರುವುದಿಲ್ಲ, ಉಣುಗು ಕಚ್ಚಿ ಬರುತ್ತದೆ. ನಾಯಿ ಉಣುಗನ್ನು ಜಗಲಿಗೆ ಹೊತ್ತು ತಂದೀತು. ಚಳಿಗಾಲ ಕಳೆದು ಮಳೆ ಬೀಳುವವರೆಗೆ ಜೋಪಾನ. ಮಂಗ ಸತ್ತು ಬಿದ್ದ ಕಡೆಗಂತೂ ನಾಯಿಯನ್ನೂ ಒಯ್ಯಬೇಡಿ, ನೀವೂ ಹೋಗಬೇಡಿ, ಆಸ್ಪತ್ರೆಗೆ ತಿಳಿಸಿ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ, ನಾಯಿ ಬಿಟ್ಟು ಅಟ್ಟಿಸುವುದೂ ಅದರೊಳಗೆ ಬರುತ್ತದೆ. ಮೊಲವೂ ಅದರಲ್ಲಿ ರಕ್ಷಿತ, ನವಿಲಂತೂ ಸರಿಯೇ. ನಾಯಿ ತಾನಾಗಿ ಓಡಿತು ಎಂದು ಹೇಳುವ ಪ್ರಸಂಗ ಬರದಿರುವುದು ಒಳ್ಳೆಯದು. ಮತ್ತೆ ಬಿಸಿಲೇರಿದ ಮೇಲೆ ಓಡಿಸಬೇಡಿ.

ಬೆಟ್ಟದಂಚು (ಶಿರಸಿ) · ಡಿಸೆಂಬರ್ 21, ರಾತ್ರಿ 8:45

ಆರು ವಾರದ ವರದಿ. ಗೀರು ಮಾದಿದೆ. ಪನೀರ್‌ಗೆ ಅಷ್ಟಕ್ಕಷ್ಟೆ, ಸಿಗಡಿಗೆ ಪ್ರಾಣ ಬಿಡುತ್ತಾಳೆ. ಡಬ್ಬಿ ಕೊಟ್ಟಿಗೆಯ ಅಟ್ಟದ ಮೇಲಿದೆ. ಮೊದಲ ದಿನ ಆಯಿ ಮುಖ ತಿರುಗಿಸಿದಳು, ಈಗ ಅವಳೇ 'ಡಬ್ಬಿ ತಗಂಡ್ಯನಾ' ಎಂದು ನೆನಪಿಸುತ್ತಾಳೆ. ಜಗಲಿ, ಅಂಗಳ ಮುಗಿಸಿ ಗದ್ದೆಗೆ ಇಳಿದೆವು. ಬೆಳ್ಳಕ್ಕಿಗೆ ಎಂಬತ್ತು ಹೆಜ್ಜೆಯಲ್ಲಿ ಹತ್ತಕ್ಕೆ ಒಂಬತ್ತು ಸಲ ತಿರುಗುತ್ತಿದ್ದಳು. ಖುಷಿಯಲ್ಲಿದ್ದೆ.

ಕಳೆದ ವಾರದಿಂದ ಎಲ್ಲ ಕೆಟ್ಟಿದೆ. ಅಡಕೆ ಕೊನೆಕೊಯ್ಲಿನ ಗಡಿಬಿಡಿ, ಮನೆ ತುಂಬ ಜನ. ಸೀಟಿ ಗೋಡೆಯ ಮೊಳೆಗೆ ನೇತು ಹಾಕಿದ್ದೆ. ನನ್ನ ಒಡಹುಟ್ಟಿದ ಅಕ್ಕನ ಮಗ ಎರಡು ದಿನ ಅದನ್ನು ಊದುತ್ತಾ ಅಂಗಳವಿಡೀ ಓಡಾಡಿದ್ದಾನೆ. ಬೆಳ್ಳಿ ಮೊದಲ ದಿನ ಪ್ರತಿ ಸಲವೂ ಓಡಿ ಓಡಿ ಬಂದಳಂತೆ, ತಿಂಡಿ ಇಲ್ಲ. ಎರಡನೇ ದಿನ ತಲೆ ಎತ್ತುವುದನ್ನೂ ಬಿಟ್ಟಳು. ನಿನ್ನೆ ಗದ್ದೆಯಲ್ಲಿ ಊದಿದರೆ ನನ್ನ ಕಡೆ ನೋಡಲೂ ಇಲ್ಲ. ಮಗು, ಬೈಯುವ ಹಾಗಿಲ್ಲ. ತಪ್ಪು ನನ್ನದೇ. ಆರು ವಾರದ ಕೆಲಸ ಹೋಯಿತೇ ಅಕ್ಕಾ?

ಶರಾವತಿ ಅಕ್ಕ (ಹೊನ್ನಾವರ) · ಡಿಸೆಂಬರ್ 21, ರಾತ್ರಿ 9:30

ಹೋಗಿಲ್ಲ. ಸದ್ದು ಹಳಸಿದೆ, ಕಲಿಕೆ ಹಳಸಿಲ್ಲ. ಸೀಟಿ ಅದೇ ಇರಲಿ, ಲಯ ಬದಲಿಸಿ: ಎರಡು ಗಿಡ್ಡ, ಒಂದು ಉದ್ದ. ಮಕ್ಕಳು ಆಡುವಾಗ ಹಾಗೆ ಊದುವುದಿಲ್ಲ. ಜಗಲಿಯಿಂದ ಮತ್ತೆ ಶುರು ಮಾಡಿ, ಈ ಸಲ ಆರು ವಾರ ಬೇಡ, ಹತ್ತು ದಿನದಲ್ಲಿ ಗದ್ದೆಗೆ ಬರುತ್ತೀರಿ. ಸೀಟಿ ನಿಮ್ಮ ಕೊರಳಲ್ಲಿರಲಿ, ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆಯಿರಿ.

ಅಕ್ಕನ ಮಗನಿಗೂ ಕೆಲಸ ಕೊಡಿ. ಜಗಲಿಯ ಆ ತುದಿಗೆ ಅವನನ್ನೇ ಕೂರಿಸಿ, ಸಿಗಡಿ ಅವನ ಕೈಯಲ್ಲಿರಲಿ.

ಮುಧೋಳ ಕಡೆಯಾಂವ (ಕಾರವಾರ) · ಡಿಸೆಂಬರ್ 22, ಬೆಳಿಗ್ಗೆ 6:40

ಧೈರ್ಯ ಬಿಡಬ್ಯಾಡ್ರಿ. ಎಂಬತ್ತು ಹೆಜ್ಜಿಗೆ ತಿರುಗಿದ್ದ ನಾಯಿ ಮತ್ತ ತಿರುಗ್ತೈತಿ. ಕರಿಯೂಮುಂದ ನೀವು ಅದರ ಕಡೆ ಓಡಬ್ಯಾಡ್ರಿ, ಉಲ್ಟಾ ದಿಕ್ಕಿಗೆ ಓಡ್ರಿ. ಓಡೂದು ಕಂಡ್ರ ಅದಕ್ಕ ತಡಕೊಳ್ಳಾಕ ಆಗೂದಿಲ್ಲ, ನಿಮ್ಮನ್ನ ಬೆನ್ನ ಹತ್ತತೈತಿ.

ಬೆಟ್ಟದಂಚು (ಶಿರಸಿ) · ಫೆಬ್ರವರಿ 16, ರಾತ್ರಿ 9:15

ಇಂದು ಸಂಜೆ ನಡೆದದ್ದನ್ನು ಬರೆಯದೆ ಮಲಗಲಾಗುವುದಿಲ್ಲ.

ಅದೇ ಬೇಣ. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿದೆ. ಬೆಳ್ಳಿ ಹನ್ನೆರಡು ಮೀಟರಿನ ಹಗ್ಗದಲ್ಲಿದ್ದಳು, ಹಗ್ಗದ ತುದಿ ನನ್ನ ಕೈಯಲ್ಲಿಲ್ಲ, ನೆಲದ ಮೇಲೆ ಹರಿಯುತ್ತಿತ್ತು. ಒಂದು ತಿಂಗಳಿಂದ ಹಾಗೇ ಬಿಡುತ್ತಿದ್ದೇನೆ, ಬೇಕಾದರೆ ಕಾಲಲ್ಲಿ ಮೆಟ್ಟಬಹುದು ಎಂದು. ಕೌಲು ಮರದ ಬುಡದಿಂದ ಮೂರು ಹೆಣ್ಣು ನವಿಲು ಹೊರಬಂದವು, ಸುಮಾರು ನಲವತ್ತು ಹೆಜ್ಜೆ. ಕಿವಿ ಎದ್ದಿತು. ಕಿವಿಯ ಒಳಮೈಯ ಗುಲಾಬಿ ಬಣ್ಣ ಇಳಿಬಿಸಿಲಿಗೆ ಕಂಡಿತು. ಬಲ ಮುಂಗಾಲು ಮಡಚಿತು. ಹಗ್ಗದ ತುದಿ ನನ್ನ ಕಾಲಿಗೆ ಸಿಗುವಷ್ಟು ಹತ್ತಿರ ಇರಲಿಲ್ಲ. ಊದಿದೆ, ಎರಡು ಗಿಡ್ಡ, ಒಂದು ಉದ್ದ. ಊದಿ ಮುಧೋಳದ ಸರ್ ಹೇಳಿದ ಹಾಗೆ ಹಿಂದಕ್ಕೆ ಓಡಿದೆ.

ಮಡಚಿದ ಕಾಲು ಗಾಳಿಯಲ್ಲೇ ನಡುಗಿತು. ತಲೆ ನವಿಲಿನ ಕಡೆ, ಒಂದು ಕಿವಿ ಮಾತ್ರ ನನ್ನ ಕಡೆ. ಆಮೇಲೆ ಕಾಲು ನೆಲಕ್ಕೆ ಬಂತು, ಮೈ ತಿರುಗಿತು, ಹುಲ್ಲು ಸೀಳಿಕೊಂಡು ನನ್ನ ಕಡೆ ಬಂದಳು. ಬಂದ ರಭಸಕ್ಕೆ ನನ್ನ ಮೊಣಕಾಲಿಗೆ ಡಿಕ್ಕಿ ಹೊಡೆದು ಇಬ್ಬರೂ ಬಿದ್ದೆವು. ಕೊರಳಪಟ್ಟಿ ಹಿಡಿದೆ, ಇದ್ದ ಸಿಗಡಿಯೆಲ್ಲ ಸುರಿದೆ, ಗೋಣಿ ತುಂಡು ತೆಗೆದು ಐದು ನಿಮಿಷ ಆಡಿಸಿದೆ. ನವಿಲುಗಳು ನಿಧಾನವಾಗಿ ಹಕ್ಕಲಿನ ಕಡೆ ನಡೆದು ಹೋದವು. ಆಮೇಲೆ 'ಹೋಗು' ಎಂದೆ. ಅವಳು ಹೋಗಲಿಲ್ಲ, ಗೋಣಿ ಬಾಯಲ್ಲಿ ಹಿಡಿದು ನನ್ನ ಎದುರು ನಿಂತಳು.

ಮನೆಗೆ ಬಂದು ಆಯಿಗೆ ಹೇಳುವಾಗ ದನಿ ಕಟ್ಟಿತು.

ಇನ್ನೂ ಹಗ್ಗ ತೆಗೆಯುವುದಿಲ್ಲ, ಗೊತ್ತು. ಎರಡು ಪ್ರಶ್ನೆ ಅಕ್ಕಾ. ಒಂದು, ಕಾಡಿನ ಅಂಚಿಗೆ ಜಿಪಿಎಸ್ ಬೆಲ್ಟ್ ಹಾಕಿದರೆ ಪ್ರಯೋಜನ ಇದೆಯೇ? ಎರಡು, ಜೂನ್‌ನಿಂದ ಗದ್ದೆ ಸಿಗುವುದಿಲ್ಲ, ಉಂಬಳದ (ಜಿಗಣೆ) ಕಾಟ ಬೇರೆ. ನಾಲ್ಕು ತಿಂಗಳು ಬಿಟ್ಟರೆ ಮರೆಯುತ್ತಾಳೆಯೇ?

ಶರಾವತಿ ಅಕ್ಕ (ಹೊನ್ನಾವರ) · ಫೆಬ್ರವರಿ 17, ಬೆಳಿಗ್ಗೆ 5:55

ಬೆಳಿಗ್ಗೆ ಎದ್ದ ಕೂಡಲೇ ಓದಿದೆ ತಮ್ಮಾ, ಕಣ್ಣು ತುಂಬಿ ಬಂತು. ಆ ನಡುಗಿದ ಕಾಲು ನನಗೆ ಕಾಣುತ್ತಿದೆ.

ಜಿಪಿಎಸ್ ಹಾಕಿ, ಆದರೆ ಸಿಮ್ ಇರುವ ಬೆಲ್ಟು ಮೊಬೈಲ್ ಸಿಗ್ನಲ್ ಇದ್ದಲ್ಲಿ ಮಾತ್ರ ಕೆಲಸ ಮಾಡುತ್ತದೆ. ನಿಮ್ಮ ಬೇಣದಲ್ಲಿ ಎಷ್ಟು ಕಡ್ಡಿ ಬರುತ್ತದೆ ನೋಡಿ ಆಮೇಲೆ ದುಡ್ಡು ಹಾಕಿ.

ಮಳೆಗಾಲಕ್ಕೆ ಜಗಲಿಯೇ ಸಾಕು, ದಿನಕ್ಕೆ ಐದು ಸೀಟಿ. ಸೋನೆ ನಿಂತ ಹೊತ್ತಿನಲ್ಲಿ ಅಂಗಳದಲ್ಲಿ ಗೋಣಿಯ ಆಟ. ಗೋಣಿಯನ್ನು ಅಟ್ಟುತ್ತಿರುವಾಗಲೇ ಊದಿ ನಿಲ್ಲಿಸುವುದನ್ನು ಆಗ ಶುರು ಮಾಡಿ, ಅದು ಮುಂದಿನ ಮೆಟ್ಟಿಲು. ಸಿಗಡಿ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ, ಮೇ ಒಳಗೆ ಒಮ್ಮೆ ಚೆನ್ನಾಗಿ ಬಿಸಿಲಿಗೆ ಹಾಕಿ ಗಾಜಿನ ಭರಣಿಗೆ ತುಂಬಿಟ್ಟುಕೊಳ್ಳಿ.